ಬಟ್ಟೆ ಬುಟ್ಟಿಯೊಳಗಿನ ಚೂಟಿ

ಜೂನ್ ೩, ಸೋಮವಾರ

ಗುಂಡನಿಗೆ ಅಕ್ಕನ ಆಶೀರ್ವಾದ.

ಫೋನಿನಲ್ಲಿ ಮಾತಾಡಿದರೆ ನೀನು "ಹೂಂ" ಅನ್ನುತ್ತೀಯ, ನಾನು "ಮತ್ತೆ?" ಅನ್ನುತ್ತೇನೆ, ನೀನು ಇನ್ನೊಂದು "ಹೂಂ" ಅನ್ನುತ್ತೀಯ, ಅಲ್ಲಿಗೆ ಅಕ್ಕ ತಮ್ಮನ ಮಾತುಕತೆ ಮುಗಿಯುತ್ತದೆ. ಅದಕ್ಕೇ ಈ ಕಾಗದ. ಇದಕ್ಕೂ ಹೂಂ ಅಂತ ಬರೆದು ಕಳಿಸಬೇಡ.

ಇಲ್ಲಿ ಬಾಗಿಲು ಹಾಕಿದ್ದ ಹಳೇ ಟಾಕೀಸನ್ನು ರಿಪೇರಿ ಮಾಡಿ ಮತ್ತೆ ತೆರೆಯುತ್ತಿದ್ದಾರೆ. ಮೊದಲ ವಾರ ಪೂರ್ತಿ ಹಿಂದಿನ ಕಾಲದ ಸಂಸಾರದ ಹಾಸ್ಯ ಸಿನಿಮಾಗಳಂತೆ. ಭಾನುವಾರದ ಮ್ಯಾಟಿನಿಗೆ ನಮ್ಮದು: ಎರಡೇ ಮಕ್ಕಳು ಅಂತ ಸುಳ್ಳು ಹೇಳಿ ಬಾಡಿಗೆ ಮನೆ ಹಿಡಿದು, ಉಳಿದ ಮೂರು ಮಕ್ಕಳನ್ನು ಮಂಚದಡಿ, ಅಟ್ಟದ ಮೇಲೆ, ಬಟ್ಟೆ ಬುಟ್ಟಿಯೊಳಗೆ ಬಚ್ಚಿಡುವ ಆ ಸಂಸಾರ. ಅದರಲ್ಲಿ ಆಗ ನಟಿಸಿದವರಲ್ಲಿ ಉಳಿದವರನ್ನೆಲ್ಲ ಕರೆದು ಸನ್ಮಾನ ಮಾಡುತ್ತಾರಂತೆ. ಬಟ್ಟೆ ಬುಟ್ಟಿಯ ಚೂಟಿಗೂ ಒಂದು ಕಾರ್ಡು ಬಂದಿದೆ. ಬಂದಿರುವುದು ನನ್ನ ಹೆಸರಿಗೆ.

ಆಗ ನನಗೆ ಎಂಟು ವರ್ಷ, ನಿನಗೆ ಆರು. ಚೂಟಿಯ ಪಾತ್ರ ಸಿಕ್ಕಿದ್ದು ನನಗೆ. ಶೂಟಿಂಗ್ ನಾಳೆ ಅನ್ನುವಾಗ ನನಗೆ ಮಂಗನಬಾವು ಬಂದು ಎರಡು ಕೆನ್ನೆಯೂ ಊದಿಕೊಂಡವು. ನನಗೆ ಹೊಲಿದಿದ್ದ ಫ್ರಾಕನ್ನು ನಿನಗೆ ತೊಡಿಸಿ ಕರೆದುಕೊಂಡು ಹೋದರು. ಆಮೇಲೆ ಶಾಲೆಯಲ್ಲಿ ನಿನ್ನನ್ನು ಹುಡುಗರು ಗೋಳು ಹುಯ್ದುಕೊಂಡಾಗ, ಅಪ್ಪ ಹೋಗಿ ಮೇಷ್ಟ್ರಿಗೆ "ಅದು ನಮ್ಮ ಹುಡುಗಿ, ಹುಡುಗ ಅಲ್ಲ" ಅಂದುಬಿಟ್ಟರು. ಅಂದಿನಿಂದ ನಾನೇ ಚೂಟಿ. ನನ್ನ ಮದುವೆ ಆಗಿದ್ದೂ ಚೂಟಿ ಅಂತಲೇ. ನನ್ನ ಅತ್ತೆ ಆ ಸಿನಿಮಾ ಅಂದರೆ ಪ್ರಾಣ ಬಿಡುತ್ತಿದ್ದರು. ಹೊಲಿಗೆ ಅಂಗಡಿಗೆ ಬಂದವರು ಅಳತೆ ಕೊಡುವಾಗಲೂ "ಆ ಡೈಲಾಗ್ ಒಂದ್ಸಲ ಹೇಳಿ" ಅನ್ನುತ್ತಾರೆ. ನಾನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದರೆ ಬಚಾವು.

ಹೋಗಲೋ ಬೇಡವೋ? ನೀನು ಏನು ಹೇಳುತ್ತೀಯ? ಯೋಚನೆ ಮಾಡಿ ಬರಿ.

ನಿನ್ನ ಅಕ್ಕ


ಜೂನ್ ೧೦

ಅಕ್ಕನಿಗೆ ನಮಸ್ಕಾರ.

ಯೋಚನೆ ಮಾಡುವುದು ಏನಿದೆ? ಹೋಗು. ಇಷ್ಟು ವರ್ಷ ನೀನೇ ಚೂಟಿ, ಈಗ ನನ್ನ ಅಪ್ಪಣೆ ಯಾಕೆ? ಹೊಸ ಬಟ್ಟೆ ಹಾಕಿಕೊಂಡು ಹೋಗು, ಶಾಲು ಹೊದಿಸಿಕೋ, ಸಂತೋಷವಾಗಿ ಬಾ. ಒಂದೇ ಮಾತು: ನನ್ನ ವಿಷಯ ಅಪ್ಪಿತಪ್ಪಿಯೂ ಎತ್ತಬೇಡ.

ನನ್ನ ಕೆಲಸ ನಿನಗೆ ಗೊತ್ತು. ಲೈಸೆನ್ಸಿಗೆ ಬಂದವರಿಂದ ಮೈದಾನದಲ್ಲಿ ಎಂಟು ಹಾಕಿಸಿ, ಕಾಲು ಕೆಳಗಿಟ್ಟವರನ್ನು ವಾಪಸು ಕಳಿಸುವುದು. ನನ್ನನ್ನು ಕಂಡರೆ ಗಡ್ಡ ಬಿಟ್ಟ ಲಾರಿ ಡ್ರೈವರುಗಳೂ ಎದ್ದು ನಿಲ್ಲುತ್ತಾರೆ. ಹಿಂದಿನಿಂದ "ಕೆಂಪು ಪೆನ್ನು" ಅನ್ನುತ್ತಾರೆ, ಅನ್ನಲಿ. ಆದರೆ ನಮ್ಮ ಗುಮಾಸ್ತನೊಬ್ಬನ ಫೋನಿನಲ್ಲಿ ಆ ಬಟ್ಟೆ ಬುಟ್ಟಿಯ ತುಣುಕು ಇದೆ. ಯಾರಾದರೂ ಕೆಲಸ ತಪ್ಪಿಸಿಕೊಂಡು ಮಾಯವಾದರೆ ಎಲ್ಲರಿಗೂ ಅದನ್ನೇ ಕಳಿಸುತ್ತಾನೆ. ಮನೆಯ ಮಾಲೀಕ ಬುಟ್ಟಿ ತಟ್ಟಿ "ಯಾರು ಒಳಗೆ?" ಅನ್ನುವುದು, ಒಳಗಿನಿಂದ "ಇಲ್ಲಿ ಯಾರೂ ಇಲ್ಲ" ಅನ್ನುವುದು, ಮಾಲೀಕ "ಹಾಗಾದ್ರೆ ಸರಿ" ಅಂತ ಹೊರಟುಹೋಗುವುದು. ಆಫೀಸಿಗೆ ಆಫೀಸೇ ಬಿದ್ದು ಬಿದ್ದು ನಗುತ್ತದೆ. ನಾನು ಫೈಲು ನೋಡುತ್ತಿರುತ್ತೇನೆ.

ನನ್ನ ಹೆಂಡತಿಗೂ ಗೊತ್ತಿಲ್ಲ. ಟೀವಿಯಲ್ಲಿ ಬಂದಾಗಲೆಲ್ಲ "ನೋಡ್ರೀ ನಿಮ್ಮ ಅಕ್ಕ, ಎಷ್ಟು ಮುದ್ದಾಗಿದ್ರು" ಅನ್ನುತ್ತಾಳೆ. ಹಾಗೇ ಇರಲಿ.

ನಿನ್ನ ತಮ್ಮ


ಜೂನ್ ೧೪

ಗುಂಡ,

ನಾನು ಕೇಳಿದ್ದು ಒಂದು, ನೀನು ಹೇಳಿದ್ದು ಇನ್ನೊಂದು. ನೀನೇ ಬರುತ್ತೀಯೇನೋ ಅಂದುಕೊಂಡಿದ್ದೆ. ಇರಲಿ ಬಿಡು.

ಸೊಸೆ ಆಗಲೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾಳೆ. ಮೊಮ್ಮಗಳು ಇಡೀ ಕ್ಲಾಸಿಗೆ ಡಂಗುರ ಸಾರಿದ್ದಾಳೆ. ಮೂರನೇ ಕ್ಲಾಸಿನ ನಲವತ್ತು ಮಕ್ಕಳಿಗೂ ಯೂನಿಫಾರ್ಮ್ ಹೊಲಿದವಳು ನಾನೇ ಆದರೂ, ಈಗ ನಾನು ಬೀದಿಯಲ್ಲಿ ಹೋದರೆ "ಚೂಟಿ ಅಜ್ಜಿ" ಅಂತ ಬೆರಳು ತೋರಿಸುತ್ತವೆ. ಇನ್ನು ಹೋಗದೆ ವಿಧಿಯಿಲ್ಲ.

ಅಕ್ಕ


ಜುಲೈ ೨

ಗುಂಡನಿಗೆ ಆಶೀರ್ವಾದ.

ಸನ್ಮಾನ ಆಯಿತು. ಒಂಬತ್ತು ದಿನವಾದರೂ ಬರೆಯಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ಶಾಲೆ ಶುರುವಾದ ಮೇಲೆ ಯೂನಿಫಾರ್ಮಿನ ಕೆಲಸ ಕುತ್ತಿಗೆಗೆ ಬಂದಿದೆ.

ಟಾಕೀಸಿನ ಬೆಂಚು ಹೋಗಿ ಮೆತ್ತನೆ ಕುರ್ಚಿ ಬಂದಿದೆ. ಜನ ಕಿಕ್ಕಿರಿದಿತ್ತು. ಅಪ್ಪನ ಪಾತ್ರದವರು ಅರ್ಧ ಮೀಸೆ ಬೋಳಿಸಿಕೊಂಡಾಗ ಮಾಲೀಕ ಬಾಗಿಲು ತಟ್ಟುತ್ತಾನಲ್ಲ, ಜನ ಅವನು ತಟ್ಟುವ ಮೊದಲೇ ನಗುವುದಕ್ಕೆ ಶುರು. ಒಂದೇ ಅಂಗಿಯನ್ನು ಮಕ್ಕಳೆಲ್ಲ ಪರದೆಯ ಹಿಂದೆ ಬದಲಾಯಿಸಿಕೊಂಡು ಒಬ್ಬೊಬ್ಬರೇ ಬಂದು ಮಾಲೀಕನಿಗೆ ಕೈ ಮುಗಿಯುವಾಗ, ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು. ಅವರ ಹೆಂಡತಿ ಬೆನ್ನು ತಟ್ಟುತ್ತ ತಾನೂ ನಗುತ್ತಿದ್ದಳು. ಈಗ ನೋಡಿದರೆ ಅದರಲ್ಲಿ ಅಂಥ ಕಥೆಯೇನೂ ಇಲ್ಲ. ಆದರೂ ಅಷ್ಟು ಜನ ಒಟ್ಟಿಗೆ ಕೂತು ನಗುವುದನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು.

ಸಿನಿಮಾದ ಅಮ್ಮ ಬಂದಿದ್ದರು. ತೊಂಬತ್ತರ ಹತ್ತಿರ, ಗಾಲಿಕುರ್ಚಿಯಲ್ಲಿ. ನಿನ್ನ ಊರಿನ ಬಸ್ಸು ಹಾದುಹೋಗುವ ಪಟ್ಟಣದಲ್ಲೇ ಇದ್ದಾರಂತೆ, ರೈಲ್ವೆ ಗೇಟಿನ ಆಚೆಯ ಹಳದಿ ಮನೆಯಲ್ಲಿ, ನೋಡಿಕೊಳ್ಳುವ ನರ್ಸಿನ ಜೊತೆ. ವೇದಿಕೆಯ ಮೇಲೆ ನನ್ನ ಕೈ ಹಿಡಿದುಕೊಂಡು ಅತ್ತರು. ಇಡೀ ಟಾಕೀಸು ಕಣ್ಣೊರೆಸಿಕೊಂಡಿತು. ಮೊಮ್ಮಗಳ ತಲೆ ಸವರಿದರು.

ಶಾಲು ಚೆನ್ನಾಗಿದೆ. ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

ಅಕ್ಕ


ಜುಲೈ ೮

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಸಿನಿಮಾ ಅಮ್ಮ ಇನ್ನೂ ಇದ್ದಾರೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ. ಹೆಂಡತಿ ತವರಿಗೆ ಹೋದಾಗ ನಾನು ಬಾಗಿಲು ಹಾಕಿಕೊಂಡು, ಸೌಂಡು ಸಣ್ಣದು ಮಾಡಿ, ಆ ಸಿನಿಮಾ ನೋಡುತ್ತೇನೆ. ಪ್ರತಿ ಸಲವೂ. ಕಳ್ಳತನ ಮಾಡಿದ ಹಾಗೆ ಆಗುತ್ತದೆ, ಆದರೂ ಬಿಡುವುದಿಲ್ಲ. ಬುಟ್ಟಿಯಿಂದ ಎತ್ತಿಕೊಂಡು ಅವರು ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಊಟ ಮಾಡಿಸುವ ದೃಶ್ಯ ಇದೆಯಲ್ಲ, ಅದಕ್ಕಾಗಿ ನೋಡುವುದು. ಕ್ಯಾಮೆರಾ ನಿಂತ ಮೇಲೂ ಅವರು ನನ್ನನ್ನು ಇಳಿಸುತ್ತಿರಲಿಲ್ಲ. ನಾನೂ ಇಳಿಯುತ್ತಿರಲಿಲ್ಲ. ಅಮ್ಮಾ, ಅಮ್ಮಾ ಅಂತ ಅವರ ಹಿಂದೆಯೇ. ನಮ್ಮ ಅಮ್ಮ ಮೂಲೆಯಲ್ಲಿ ಮಡಿಸುವ ಕುರ್ಚಿಯ ಮೇಲೆ ನನ್ನ ಚಡ್ಡಿ ಅಂಗಿ ಹಿಡಿದುಕೊಂಡು ಕೂತಿರುತ್ತಿದ್ದಳು. ಕೊನೆಯ ದಿನ ನಾನು ಸಿನಿಮಾ ಅಮ್ಮನ ಜೊತೆ ಹೋಗುತ್ತೇನೆಂದು ರಂಪ ಮಾಡಿದೆ. ಅಮ್ಮ ಎದ್ದು ಬಂದು ನನಗೆ ಚಡ್ಡಿ ತೊಡಿಸಿದಳು. ನನ್ನನ್ನು ಕುಗ್ಗಿಸುವುದು ಫ್ರಾಕು ಅಲ್ಲ ಅಕ್ಕ, ಅದು. ಫ್ರಾಕಿನ ನೆಪ ಹೇಳಿಕೊಂಡು ತಿರುಗಿದೆ ಅಷ್ಟೇ.

ಅವರು ನನ್ನ ವಿಷಯ ಏನಾದರೂ ಕೇಳಿದರಾ? ನೀನಲ್ಲ ಅಂತ ಅವರಿಗೆ ಗೊತ್ತಾಗಿರಲೇಬೇಕು. ಅತ್ತರು ಅಂತ ಬರೆದಿದ್ದೀಯ, ನನ್ನನ್ನು ನೆನೆಸಿಕೊಂಡೇ ಇರಬೇಕು. ಬೇಗ ಬರಿ.

ತಮ್ಮ


ಜುಲೈ ೧೨

ಗುಂಡ,

ಕೇಳಿದರು. ಹೆಚ್ಚು ಮಾತಾಡುವುದಕ್ಕೆ ಆಗಲಿಲ್ಲ, ಗಲಾಟೆಯಿತ್ತು. ವಯಸ್ಸಾಗಿದೆ, ಮರೆವು. ನೀನು ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ. ನಮ್ಮ ಅಮ್ಮನ ವಿಷಯವೂ ಅಷ್ಟೇ. ಅವಳು ಆಮೇಲೆ ಎಲ್ಲರ ಮುಂದೆ ಅದನ್ನು ಹೇಳಿಕೊಂಡು ನಗುತ್ತಿದ್ದಳು.

ಗುಂಡಿಯ ಕೆಲಸ ರಾಶಿ ಬಿದ್ದಿದೆ. ಆಮೇಲೆ ಬರೆಯುತ್ತೇನೆ.

ಅಕ್ಕ


ಜುಲೈ ೧೭

ಅಕ್ಕನಿಗೆ,

ಕೇಳಿದರು ಅಂದೆಯಲ್ಲ, ನನಗೆ ಅಷ್ಟೇ ಸಾಕು. ಬರುವ ಭಾನುವಾರವೇ ಹೋಗುತ್ತೇನೆ. ರೈಲ್ವೆ ಗೇಟಿನ ಆಚೆ ಹಳದಿ ಮನೆ ಅಂತ ನೀನೇ ಬರೆದಿದ್ದೀಯಲ್ಲ, ಹುಡುಕಿಕೊಳ್ಳುತ್ತೇನೆ. ಹೆಂಡತಿಗೆ ಆಫೀಸಿನ ಕೆಲಸ ಅಂದಿದ್ದೇನೆ. ಹೊಸ ಷರಟು ಕೊಂಡೆ. ಕನ್ನಡಿ ಮುಂದೆ ನಿಂತರೆ ನನಗೇ ನಗು. ತಲೆ ಬೋಳು, ಹೊಟ್ಟೆ ಮುಂದೆ, ಇಂಥವನನ್ನು ಯಾರು ಮಡಿಲಲ್ಲಿ ಕೂರಿಸಿಕೊಳ್ಳುತ್ತಾರೆ.

ವಾಪಸು ಬಂದು ಎಲ್ಲ ಬರೆಯುತ್ತೇನೆ.

ತಮ್ಮ


ಜುಲೈ ೨೨, ಸೋಮವಾರ

ಗುಂಡ,

ನಿನ್ನ ಕಾಗದ ಈಗ ಮಧ್ಯಾಹ್ನ ಬಂತು. ಭಾನುವಾರ ನಿನ್ನೆಯೇ ಆಗಿಹೋಯಿತು. ದೇವರೇ, ನಿನಗೆ ಜ್ವರವಾದರೂ ಬಂದಿರಲಿ, ಬಸ್ಸಾದರೂ ಕೆಟ್ಟಿರಲಿ. ಹೋಗಿರದಿದ್ದರೆ ಹೋಗಬೇಡ. ಎರಡು ಸಲ ಫೋನು ಎತ್ತಿದೆ, ನಂಬರು ಒತ್ತಿ ಇಟ್ಟುಬಿಟ್ಟೆ. ಇದನ್ನು ಬಾಯಿಂದ ಹೇಳಲಾರೆ.

ಅವತ್ತು ಸನ್ಮಾನಕ್ಕೆ ಮೊದಲು ನಮ್ಮನ್ನೆಲ್ಲ ಪರದೆಯ ಹಿಂದಿನ ಕೋಣೆಯಲ್ಲಿ ಕೂರಿಸಿದ್ದರು. ಸಿನಿಮಾ ಅಮ್ಮ ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. ನನ್ನ ದಡ್ಡತನ ನೋಡು, ಸತ್ಯ ಗೊತ್ತಿರುವುದು ನಮ್ಮಿಬ್ಬರಿಗೇ ಅಂತಲೇ ಇದ್ದುಬಿಟ್ಟೆ, ಹೆತ್ತವಳ ಹಾಗೆ ನಿನ್ನನ್ನು ಎತ್ತಿ ಆಡಿಸಿದವರಿಗೆ ಗೊತ್ತಿರುತ್ತದೆ ಅನ್ನುವುದೇ ನನಗೆ ಹೊಳೆದಿರಲಿಲ್ಲ.

"ನೀನಲ್ಲ" ಅಂದರು. "ನನ್ನ ಚೂಟಿ ಗಂಡು ಮಗು. ಅವನೆಲ್ಲಿ?"

ಸೊಸೆ ಮೊಮ್ಮಗಳ ಕೈ ಹಿಡಿದುಕೊಂಡು ಬಾಗಿಲಲ್ಲಿ ಬರುತ್ತಿದ್ದಳು. ಇವರು ಇನ್ನೊಂದು ಮಾತು ಆಡಿದರೆ ಅವರಿಬ್ಬರ ಕಿವಿಗೂ ಬೀಳುತ್ತದೆ. ಬಾಯಿ ಮುಚ್ಚಿಸಬೇಕು ಅನ್ನುವುದೊಂದೇ ನನ್ನ ತಲೆಯಲ್ಲಿದ್ದದ್ದು. "ಅವನು ತೀರಿಕೊಂಡ, ಅಮ್ಮ" ಅಂದುಬಿಟ್ಟೆ.

ಅವರು ನನ್ನ ಗಲ್ಲ ಬಿಟ್ಟರು. ವೇದಿಕೆಯ ಮೇಲೆ ಅತ್ತಿದ್ದು ಅದಕ್ಕೆ. ಜನ ಚಪ್ಪಾಳೆ ಹೊಡೆದರು. ನಾನು ಶಾಲು ಹೊದಿಸಿಕೊಂಡು, ಕೈ ಮುಗಿದು, ಡೈಲಾಗನ್ನೂ ಹೇಳಿದೆ ಗುಂಡ. ಒಡಹುಟ್ಟಿದವನನ್ನು ಸಾಯಿಸಿ ಎರಡು ನಿಮಿಷ ಆಗಿರಲಿಲ್ಲ.

ನೀನು ಅಮ್ಮನ ವಿಷಯ ಬರೆದ ಆ ಕಾಗದ ಬಂದಾಗಲೇ ಹೇಳಬೇಕಿತ್ತು. ಅದನ್ನು ಓದಿ ಮಿಷನ್ನಿನ ಮುಂದೆ ಹಾಗೇ ಕೂತುಬಿಟ್ಟೆ. ನನ್ನ ಮುಖಕ್ಕೆ ಉಗಿ, ನನಗೆ ಕಾಗದ ಬರೆಯುವುದನ್ನು ಬಿಡು. ಆದರೆ ಆ ಮನೆಗೆ ಮಾತ್ರ ಹೋಗಬೇಡ.

ಅಕ್ಕ


ಜುಲೈ ೨೨, ಸೋಮವಾರ

ಅಕ್ಕನಿಗೆ,

ನಿನ್ನೆ ಹೋಗಿದ್ದೆ. ಇದನ್ನು ಆಫೀಸಿನಲ್ಲೇ ಕೂತು ಬರೆಯುತ್ತಿದ್ದೇನೆ. ಬೆಳಗ್ಗೆಯಿಂದ ಯಾರನ್ನೂ ಟೆಸ್ಟಿಗೆ ಕರೆದಿಲ್ಲ.

ನರ್ಸ್ ಬಾಗಿಲು ತೆರೆದಳು. ಅಮ್ಮ ಕಿಟಕಿಯ ಹತ್ತಿರ ಕೂತಿದ್ದರು. ಎಷ್ಟು ಕುಗ್ಗಿಹೋಗಿದ್ದಾರೆ. ನಾನು ಕಾಲ ಬಳಿ ಕೂತು "ಅಮ್ಮಾ, ನಾನು, ಚೂಟಿ" ಅಂದೆ. ಅವರು ನನ್ನನ್ನು ನೋಡಿದರು.

"ಚೂಟಿ ಸತ್ತುಹೋದ" ಅಂದರು.

ವಯಸ್ಸಾಯಿತಲ್ಲ, ಏನೋ ಗೊಂದಲ ಅಂದುಕೊಂಡೆ. ಡೈಲಾಗ್ ಹೇಳಿದೆ. "ಅದು ಬೀದೀಲಿ ಹೋಗೋರಿಗೆಲ್ಲ ಬರುತ್ತೆ" ಅಂದರು. ಜೇಬಿನಿಂದ ಆಫೀಸಿನ ಗುರುತಿನ ಚೀಟಿ ತೆಗೆದು ತೋರಿಸಿದೆ. ಅದರಲ್ಲಿರುವ ಹೆಸರು ಅವರಿಗೆ ಹೇಗೆ ಗೊತ್ತಿರಬೇಕು, ಅವರು ನನ್ನನ್ನು ಒಂದು ದಿನವೂ ಆ ಹೆಸರಿನಿಂದ ಕರೆದವರಲ್ಲ. ಊಟದ ದೃಶ್ಯದ ಮಾತು ತೆಗೆದೆ. ಅದೂ ಸಿನಿಮಾದಲ್ಲೇ ಇದೆಯಲ್ಲ. ಕ್ಯಾಮೆರಾ ನಿಂತ ಮೇಲೆ ಆಗಿದ್ದನ್ನು ಹೇಳಬೇಕು ಅನ್ನುವಷ್ಟರಲ್ಲಿ ಅವರು ಕೈ ಎತ್ತಿ ತಡೆದರು.

"ಸತ್ತ ಮಗುವಿನ ಹೆಸರು ಹೇಳ್ಕೊಂಡು ಬಂದಿದೀಯಲ್ಲ, ನಾಚಿಕೆ ಆಗಲ್ವಾ ನಿನಗೆ?"

ನರ್ಸ್ ನನ್ನ ತೋಳು ಹಿಡಿದು "ಹೊರಡಿ ಸಾರ್, ಬಿ.ಪಿ. ಏರುತ್ತೆ" ಅಂದಳು. ಹೊರಟೆ. ಎದುರು ಮನೆಯವರು ಜಗುಲಿಗೆ ಬಂದು ನೋಡುತ್ತಿದ್ದರು. ರೈಲ್ವೆ ಗೇಟು ಹಾಕಿತ್ತು, ಅಷ್ಟು ಹೊತ್ತೂ ಅವರ ಕಣ್ಣೆದುರಿಗೇ ನಿಲ್ಲಬೇಕಾಯಿತು. ನನ್ನ ಜೀವಮಾನದಲ್ಲಿ ಅಷ್ಟು ತಲೆ ತಗ್ಗಿಸಿ ನಿಂತಿದ್ದಿಲ್ಲ. "ನಿಮ್ಮ ಕಥೆ ಬೇಡ, ದಾಖಲೆ ತೋರಿಸಿ" ಅಂತ ನಾನು ಎಷ್ಟು ಜನಕ್ಕೆ ಹೇಳಿದ್ದೇನೋ.

ಯಾವನೋ ಅವಿವೇಕಿ ಅವರಿಗೆ ನಾನು ಸತ್ತೆ ಅಂತ ಹೇಳಿದ್ದಾನೆ. ನಿನ್ನನ್ನು ಅವರು ನಂಬುತ್ತಾರೆ, ನೀನು ಅವರ ಪಕ್ಕದಲ್ಲಿ ಕೂತವಳು. ನೀನೇ ಹೋಗಿ ಹೇಳು ಅಕ್ಕ. ನನಗೆ ಇದೊಂದು ಉಪಕಾರ ಮಾಡು.

ತಮ್ಮ


ಜುಲೈ ೨೬

ನಿನ್ನ ೨೨ರ ಕಾಗದ ತಲುಪಿತು.


ಆಗಸ್ಟ್ ೫, ಸೋಮವಾರ

ಗುಂಡನಿಗೆ,

ನಿನ್ನ ಒಂದು ಸಾಲಿನ ಕಾಗದವೂ ತಲುಪಿತು. ನನಗೆ ಅದಕ್ಕಿಂತ ಹೆಚ್ಚಿನ ಯೋಗ್ಯತೆ ಇಲ್ಲ. ಹೀಗಾಯಿತು ಅಂತ ತಿಳಿಸುವುದು ನನ್ನ ಕರ್ತವ್ಯ, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನೆ ಹಳದಿ ಮನೆಗೆ ಹೋಗಿದ್ದೆ. ಒಬ್ಬಳೇ ಹೋಗಬೇಕು ಅಂತಿದ್ದೆ. ಮಗ ಸೊಸೆ ಇಬ್ಬರಿಗೂ ಭಾನುವಾರ ಡ್ಯೂಟಿ ಬಿತ್ತು, ಮೊಮ್ಮಗಳು "ಸಿನಿಮಾ ಅಜ್ಜಿನ ನೋಡ್ಬೇಕು" ಅಂತ ಗಂಟುಬಿದ್ದಳು. ಇನ್ನೊಂದು ವಾರ ಹೋದರಾಯಿತು ಅಂತ ಚಪ್ಪಲಿ ಬಿಚ್ಚಿದ್ದೆ. ಹೀಗೆ ಮುಂದೆ ಹಾಕಿ ಹಾಕಿಯೇ ಇಲ್ಲಿಗೆ ಬಂದೆ ಅನ್ನಿಸಿ ಮತ್ತೆ ಮೆಟ್ಟಿಕೊಂಡೆ.

ಮಗುವನ್ನು ಹೊರಗೆ ಆಡಿಕೋ ಅಂದರೆ ಹೋಗಲಿಲ್ಲ, ನನ್ನ ತೋಳಿಗೇ ಅಂಟಿಕೊಂಡು ಕೂತಿತು. ಅದರ ಮುಂದೆಯೇ ಹೇಳಿದೆ. ಚೂಟಿ ನಾನಲ್ಲ, ಅವತ್ತು ಮಂಗನಬಾವು ಬಂದು ಮನೆಯಲ್ಲಿ ಬಿದ್ದಿದ್ದವಳು ನಾನು, ಚೂಟಿ ನನ್ನ ತಮ್ಮ, ಅವನು ಸತ್ತಿಲ್ಲ, ನನ್ನ ಮಾನ ಉಳಿಸಿಕೊಳ್ಳುವುದಕ್ಕೆ ಸುಳ್ಳು ಹೇಳಿದೆ. ಇಷ್ಟನ್ನು ನೆಲ ನೋಡಿಕೊಂಡು ಹೇಳಿದೆ.

"ಬದುಕಿದಾನಾ?"

"ಬದುಕಿದಾನೆ ಅಮ್ಮ."

"ಮೊನ್ನೆ ಬಂದಿದ್ದನಲ್ಲ, ಬೋಳು ತಲೆಯೋನು?"

"ಅವನೇ."

"ಕಾಲ ಹತ್ರ ಕೂತಿದ್ದ" ಅಂದರು. "ಬೈದು ಓಡಿಸಿದೆ." ಆಮೇಲೆ ನರ್ಸಿಗೆ ಟೀ ತರುವುದಕ್ಕೆ ಹೇಳಿ, ನನ್ನ ಕಡೆ ನೋಡದೆ ಅಂದರು: "ಟೀ ಕುಡಿದು ಹೊರಡಮ್ಮ. ನೀನು ಇನ್ನು ಬರೋದು ಬೇಡ. ಅವನನ್ನ ಕಳಿಸು."

ಟೀ ಕುಡಿದೆ. ಬಿಸಿಯಾಗಿತ್ತು, ಬೇಗ ಮುಗಿಸುವುದಕ್ಕೂ ಆಗಲಿಲ್ಲ. ಭಾನುವಾರ ಹೋಗು ಗುಂಡ. ಬೆಳಗ್ಗೆಯೇ ಹೋಗು, ಊಟದ ನಂತರ ಮಲಗುತ್ತಾರಂತೆ.

ಬಸ್ಸಿನಲ್ಲಿ ಮಗು ನನ್ನ ಪಕ್ಕ ಕೂರಲಿಲ್ಲ. ಮುಂದಿನ ಸೀಟಿನಲ್ಲಿ ಕಿಟಕಿಗೆ ಮುಖ ಮಾಡಿಕೊಂಡು ಕೂತಿತ್ತು. ಇಳಿಯುವ ಹೊತ್ತಿಗೆ ತಿರುಗಿ, "ನಾನು ಕ್ಲಾಸಲ್ಲಿ ಏನಂತ ಹೇಳ್ಲಿ?" ಅಂತ ಕೇಳಿತು.

"ನಿಜ ಹೇಳು ಕಂದ."

"ಸುಳ್ಳು ಹೇಳಿದ್ದು ನಾನಲ್ವಲ್ಲ. ನೀನೇ ಬಂದು ಹೇಳು."

ಮಗ ಸೊಸೆಗೆ ರಾತ್ರಿಯೇ ಹೇಳಿದೆ. ಮಗ ಎದ್ದು ಹೊರಗೆ ಹೋದ. ಸೊಸೆ "ಅತ್ತೆ, ನಾನು ಊರೆಲ್ಲ ಹೇಳ್ಕೊಂಡು ಬಂದೆನಲ್ಲ" ಅಂದಳು, ಅಷ್ಟೇ. ಇವತ್ತು ಶಾಲೆಗೆ ಹೋಗಿ ಟೀಚರನ್ನು ಕಂಡೆ. ಮಕ್ಕಳ ಜೊತೆ ಸ್ವಲ್ಪ ಮಾತಾಡಬೇಕು ಅಂದೆ. ಅವರು ಅರಳಿಹೋದರು, ಚೂಟಿ ಬರುತ್ತಾರೆ ಅಂತ ಆ ಕ್ಷಣವೇ ಒಳಗೆ ಹೋಗಿ ಮಕ್ಕಳಿಗೆ ಹೇಳಿದರು. ಬಾಗಿಲಾಚೆ ನಲವತ್ತು ಮಕ್ಕಳು ಚಪ್ಪಾಳೆ ಹೊಡೆದದ್ದು ನನಗೆ ಕೇಳಿಸಿತು. ಬರುವ ವಾರ, ಹದಿನಾರನೇ ತಾರೀಖು ಶುಕ್ರವಾರ, ಬೆಳಗ್ಗೆ ಹತ್ತು ಗಂಟೆಗೆ. ದೊಡ್ಡವರ ಮುಂದೆಯಾದರೆ ಹೇಗೋ ಹೇಳಬಹುದು. ಅಷ್ಟು ಮಕ್ಕಳ ಮುಖ ನೋಡಿಕೊಂಡು ಹೇಗೆ ಹೇಳಲಿ? ಆದರೂ ಹೋಗುತ್ತೇನೆ.

ನಿನ್ನ ಹೆಸರು ಎತ್ತುವುದಿಲ್ಲ. "ನನ್ನ ತಮ್ಮ" ಅಂತಲೂ ಅನ್ನುವುದಿಲ್ಲ, ಯಾವುದೋ ಹುಡುಗ ಅನ್ನುತ್ತೇನೆ.

ಅಕ್ಕ


ಆಗಸ್ಟ್ ೧೨, ಸೋಮವಾರ

ಅಕ್ಕನಿಗೆ ನಮಸ್ಕಾರ.

ನಿನಗೆ ಬರೆದ ಎರಡು ಕಾಗದ ಹರಿದು ಹಾಕಿದೆ. ಅವುಗಳಲ್ಲಿ ಇದ್ದ ಮಾತುಗಳನ್ನು ನೀನು ಓದದಿದ್ದದ್ದೇ ಒಳ್ಳೆಯದು. ಕೋಪ ಪೂರ್ತಿ ಹೋಗಿದೆ ಅಂತ ಹೇಳಲಾರೆ.

ನಿನ್ನೆ ಹೋಗಿದ್ದೆ. ಬಾಗಿಲಲ್ಲೇ, "ಬಾಪ್ಪ, ಸತ್ತವನೇ, ಟೀಗೆ ಸಕ್ಕರೆ ಹಾಕಿಸ್ಲಾ?" ಅಂದರು. ನರ್ಸ್ ನಕ್ಕಳು, ನಾನು ಅತ್ತುಬಿಟ್ಟೆ. ಮೂವರೂ ಕೂತು ಆ ಸಿನಿಮಾ ನೋಡಿದೆವು, ಸೌಂಡು ಜೋರಾಗಿಟ್ಟುಕೊಂಡು. ಊಟದ ದೃಶ್ಯದಲ್ಲಿ ಅವರು ನನ್ನ ಬೋಳು ತಲೆಯ ಮೇಲೆ ಕೈ ಇಟ್ಟುಕೊಂಡಿದ್ದರು. ಇಷ್ಟು ವರ್ಷ ಯಾಕೆ ಬರಲಿಲ್ಲ ಅಂತ ಕೇಳಿದರು. ನಾಚಿಕೆ ಆಗುತ್ತಿತ್ತು ಅಂದೆ. "ಯಾತಕ್ಕೆ?" ಅಂದರು. ನಾನು ಟೀ ಲೋಟ ಎತ್ತಿಕೊಂಡೆ. ನಿನ್ನ ಮಾತೂ ತೆಗೆದೆ. ಮುಖ ಆ ಕಡೆ ತಿರುಗಿಸಿದರು. ನಾನು ಒತ್ತಾಯ ಮಾಡಲಿಲ್ಲ.

ಬಸ್ಸಿನಲ್ಲಿ ಬರುವಾಗ ನಿನ್ನ ಕಾಗದವನ್ನು ಇನ್ನೊಮ್ಮೆ ಓದಿದೆ. "ಯಾವುದೋ ಹುಡುಗ" ಅನ್ನುವ ಕಡೆಗೆ ಬಂದಾಗ ಮುಂದೆ ಓದಲಾಗಲಿಲ್ಲ. ನನ್ನನ್ನು ಯಾರೂ ಅಣಕಿಸದಿರಲಿ ಅಂತ ಅಪ್ಪ ಹೇಳಿದ ಸುಳ್ಳು ಅದು. ನಾನು ಅದರ ಮರೆಯಲ್ಲಿ ಹಾಯಾಗಿದ್ದೆ, ನೀನು ಅದನ್ನು ಹೊತ್ತುಕೊಂಡು ಮದುವೆಯಾದೆ, ಮುದುಕಿಯಾದೆ. ಜೂನಿನಲ್ಲಿ ನೀನು ಕೇಳಿದಾಗಲಾದರೂ ನಾನು ಬಾಯಿ ಬಿಡಬಹುದಿತ್ತು. ನನ್ನ ಹೆಸರು ಎತ್ತಬೇಡ ಅಂತ ಬರೆದೆ.

ರಾತ್ರಿ ಹೆಂಡತಿಗೆ ಹೇಳಿದೆ. ನಂಬಲಿಲ್ಲ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಡುವೆ ನಿಲ್ಲಿಸಿ "ಇಷ್ಟು ವರ್ಷ ನನಗೂ ಹೇಳಲಿಲ್ಲವಲ್ಲ" ಅಂತ ಮುಖ ಊದಿಸಿಕೊಂಡಳು, ಮತ್ತೆ ನಕ್ಕಳು. ಬೆಳಗ್ಗೆ ಹಾಲಿನವನಿಗೂ ಗೊತ್ತಾಗಿದೆ. ಇನ್ನು ಆಫೀಸಿಗೆ ತಲುಪುವುದು ಎಷ್ಟು ಹೊತ್ತು.

ಶುಕ್ರವಾರಕ್ಕೆ ರಜ ಬರೆದುಕೊಟ್ಟಿದ್ದೇನೆ. ಮೊದಲ ಬಸ್ಸಿಗೇ ಹೊರಡುತ್ತೇನೆ, ಒಂಬತ್ತೂವರೆಗೆಲ್ಲ ಅಲ್ಲಿರುತ್ತೇನೆ. ಶಾಲೆಯ ಗೇಟಿನ ಹತ್ತಿರ ಕಾಯುತ್ತಿರು. ಒಬ್ಬಳೇ ಒಳಗೆ ಹೋಗಬೇಡ.

ನಿನ್ನ ತಮ್ಮ